ಹಗ್ಗದ ಕೊನೆಯಲ್ಲಿ ನಿಲ್ಲುತ್ತಿದ್ದ ದೊಡ್ಡವ್ವ

ಹುಣಸೂರಿನ ಸಂತೆಯಲ್ಲಿ ಒಣಮೀನು ಮಾರುವವರು ಒಂದು ಕಡೆ ಸಾಲಾಗಿ ಕೂರುತ್ತಾರೆ. ಕಳೆದ ವಾರ ಸೊಪ್ಪು, ಹಸಿಮೆಣಸಿನಕಾಯಿ ಕೊಂಡು ಆ ಸಾಲಿಗೆ ಬಂದೆ. ಅತ್ತೆ ಒಣಸೀಗಡಿ ತರಲು ಹೇಳಿದ್ದರು. ಮಾರುವ ಹೆಂಗಸು ಹೊಸ ಚೀಲದ ಬಾಯಿ ಬಿಚ್ಚಿದಳು. ಉಪ್ಪು, ಬಿಸಿಲು, ಮೀನು ಮೂರೂ ಸೇರಿದ ಆ ವಾಸನೆ... ಚೀಲದ ತಳದಿಂದ ಎರಡು ಹಿಡಿ ಎತ್ತಿ ತಕ್ಕಡಿಗೆ ಹಾಕಿದಾಗ ಸೀಗಡಿಯ ಜೊತೆಗೆ ಒಂದಿಷ್ಟು ಮರಳೂ ಬಿತ್ತು. ನುಣ್ಣಗಿನ, ಬಿಳಿಚಿಕೊಂಡ ಮರಳು. ನಮ್ಮ ಹೊಳೆಯ ಮರಳು ಹಾಗಿರುವುದಿಲ್ಲ.

ಅಷ್ಟೇ ಸಾಕಾಯಿತು. ನಿಂತ ನೆಲ ಕಾಲಡಿಯಿಂದ ಸರಿದಂತಾಗಿ ಪಕ್ಕದ ಈರುಳ್ಳಿ ಮೂಟೆಯನ್ನು ಹಿಡಿದುಕೊಂಡೆ. ಆ ಹೆಂಗಸು ಗಾಬರಿಯಾಗಿ, "ಏನಾಯ್ತಕ್ಕ, ಸುಸ್ತಾ?" ಅಂದಳು. ಬಿಸಿಲು ಅಂದೆ. ಸುಳ್ಳು. ಸೀಗಡಿ ಕೊಳ್ಳದೆ ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ಎಷ್ಟೋ ಹೊತ್ತು ನನ್ನ ಬಲಗೈಯನ್ನೇ ನೋಡುತ್ತ ಕೂತಿದ್ದೆ. ಹನ್ನೊಂದು ವರ್ಷದ ಹಿಂದಿನ ಕೈ ಅದು. ಈಗ ಸುಕ್ಕು ಬಂದಿದೆ, ಬಳೆ ಬದಲಾಗಿದೆ, ಅಷ್ಟೆ.

ದೊಡ್ಡವ್ವ ನಮಗೆ ನೆಂಟಳಲ್ಲ, ಪಕ್ಕದ ಮನೆಯವಳು. ಕಟ್ಟೆಮಳಲವಾಡಿಗೆ ಹತ್ತಿರದ ನಮ್ಮ ಊರಿಗೆ ಅವಳೂ ನನ್ನ ಅತ್ತೆಯೂ ಒಂದೇ ವರ್ಷ ಮದುವೆಯಾಗಿ ಬಂದವರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಇಬ್ಬರ ಸ್ನೇಹಕ್ಕೂ ತಲೆ ನರೆತಿತ್ತು. ಬೆಳಿಗ್ಗೆ ಜಗಳವಾಡಿದರೆ ಸಂಜೆಗೆ ಒಂದೇ ಎಲೆಅಡಿಕೆ ತಟ್ಟೆಯ ಮುಂದೆ ಕೂತಿರುತ್ತಿದ್ದರು. ಅತ್ತೆಯ ಬಾಯಿಗೆ ಹೆದರದ ಒಂದೇ ಜೀವ ನಮ್ಮ ಬೀದಿಯಲ್ಲಿ ದೊಡ್ಡವ್ವ. ನಾನಂತೂ ಅವರ ಕೆಮ್ಮಿಗೇ ಎದ್ದು ನಿಲ್ಲುತ್ತಿದ್ದೆ. ಮದುವೆಯಾಗಿ ಮೂರು ವರ್ಷವಾಗಿದ್ದರೂ ನನಗಿನ್ನೂ ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ನನ್ನ ಜಾಗ ಯಾವತ್ತು ಹೋಗಿಬಿಡುತ್ತದೋ ಎಂಬ ಭಯ ಒಲೆ ಹಚ್ಚುವಾಗಿನಿಂದ ದೀಪ ಆರಿಸುವ ತನಕ ನನ್ನ ಜೊತೆಗೇ ಇರುತ್ತಿತ್ತು.

ದೊಡ್ಡವ್ವ ದೊಡ್ಡ ಆಳು. ಗೊಬ್ಬರದ ಮೂಟೆಯನ್ನು ಒಬ್ಬಳೇ ಎತ್ತಿ ಗಾಡಿಗೆ ಹಾಕುವವಳು. ಬೇಸಿಗೆ ರಜ ಬಂತೆಂದರೆ ಊರ ಮಕ್ಕಳನ್ನೆಲ್ಲ ಹೊಳೆಗೆ ಅಡ್ಡಲಾಗಿರುವ ಕಟ್ಟೆಯ ಹಿಂದಿನ ನೀರಿಗೆ ಕರೆದುಕೊಂಡು ಹೋಗಿ, ಬೆನ್ನಿಗೆ ಖಾಲಿ ಕ್ಯಾನು ಕಟ್ಟಿ, ಈಜು ಕಲಿಸುತ್ತಿದ್ದಳು. ಅವಳ ಮೊದಲ ಪಾಠ ಕೈಕಾಲು ಬಡಿಯುವುದಲ್ಲ. "ಅಂಗಾತ ಮಲ್ಕೋ. ಆಕಾಶ ನೋಡು. ನೀರೇ ನಿನ್ನ ಎತ್ಕೋತದೆ" ಎನ್ನುತ್ತಿದ್ದಳು. ನನ್ನ ನಾದಿನಿ ಕಲಿತದ್ದೂ ಹಾಗೆಯೇ. ನಾನು ಮಾತ್ರ ಮೆಟ್ಟಿಲ ಮೇಲೆ ನಿಂತು ಬಟ್ಟೆ ಕಾಯುತ್ತಿದ್ದೆ. ಕಂಪಲಾಪುರದ ಕಡೆಯ ಒಣ ಊರಿನವಳು ನಾನು. ಹುಡುಗಿಯಾಗಿದ್ದಾಗ ಬಾವಿಯಿಂದ ಒಂದು ಹೆಣ ಎತ್ತಿದ್ದನ್ನು ಕಂಡಿದ್ದೆ. ಆಮೇಲೆ ಮೊಣಕಾಲಿಗಿಂತ ಆಳದ ನೀರನ್ನು ನಂಬಿರಲಿಲ್ಲ.

ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಒಂದು ಹಗ್ಗಜಗ್ಗಾಟದ ತಂಡವಿತ್ತು. ಎಂಟು ಜನ. ಸೀರೆಯ ಮೇಲೆ ಹಳದಿ ಟೀ ಶರ್ಟು ಹಾಕಿಕೊಂಡು ನಿಂತರೆ ನಮಗೇ ನಗು ಬರುತ್ತಿತ್ತು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು ಮನೆಗಳು ಬೇಸಿಗೆಯಲ್ಲಿ ಖಾಲಿ ಇರುತ್ತವಲ್ಲ, ಅವುಗಳ ಮುಂದಿನ ಬಯಲಿನಲ್ಲಿ ಸಂಜೆ ಹೊತ್ತು ಅಭ್ಯಾಸ. ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು ದೊಡ್ಡವ್ವ ನಿಂತಳೆಂದರೆ ಎದುರಿನವರು ಮರದ ಬುಡ ಎಳೆದಂತೆಯೇ. ಅವಳ ಕಟ್ಟಳೆ ಒಂದೇ. "ಕೈ ಕಿತ್ತೋದ್ರೂ ಸರಿ, ಬುಡ್ಬ್ಯಾಡಿ ಕಣ್ರವ್ವಾ! ಒಂದು ಗೇಣು ಕೊಟ್ರೂ ಓಯ್ತು!" ತಂಡದಲ್ಲಿ ಎಲ್ಲರಿಗಿಂತ ಸಣ್ಣವಳಾದ ನನ್ನನ್ನು ತನ್ನ ಮುಂದೆಯೇ ನಿಲ್ಲಿಸಿಕೊಳ್ಳುತ್ತಿದ್ದಳು. ನನ್ನ ಕೈ ಸಡಿಲವಾದರೆ ಅವಳಿಗೆ ಕೂಡಲೇ ಗೊತ್ತಾಗುತ್ತಿತ್ತು. ಹಿಂದಿನಿಂದ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು.

ಮಹಿಳಾ ದಿನಾಚರಣೆಯಲ್ಲಿ ನಾವು ಗೆದ್ದದ್ದನ್ನು ನೋಡಿದವರಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರಿದ್ದರು. ಕರಾವಳಿಯ ಕಡೆಯವರು. ಅವರ ಊರು ಸಮುದ್ರದ ದಡದ ಒಂದು ಸಣ್ಣ ಪೇಟೆ. ಅಲ್ಲಿನ ಯುವಕರು ಪ್ರತಿ ಬೇಸಿಗೆಯಲ್ಲಿ ಮರಳಿನ ಮೇಲೆ ಎರಡು ದಿನ ಆಟೋಟ ನಡೆಸುತ್ತಾರೆ, ಘಟ್ಟದ ಮೇಲಿನ ತಂಡವೊಂದು ಬಂದರೆ ಎಲ್ಲರಿಗೂ ಖುಷಿಯಾಗುತ್ತದೆ, ಇರಲು ಶಾಲೆಯಿದೆ, ಊಟ ನಮ್ಮದು ಎಂದರು. ನಮ್ಮಲ್ಲಿ ಸಮುದ್ರ ಕಂಡವರು ಯಾರೂ ಇರಲಿಲ್ಲ.

ಅತ್ತೆ ನನಗೆ ಬೇಗ ಒಪ್ಪಿಗೆ ಕೊಟ್ಟರು. ಹಟ ಮಾಡಿ ಹೊರಟು ನಿಂತ ಮಗಳಿಗೆ ಮಾತ್ರ ಕೊಡಲಿಲ್ಲ. ನಾದಿನಿಗೆ ಭೇರ್ಯದ ಕಡೆ ಗಂಡು ಗೊತ್ತಾಗಿತ್ತು, ಮದುವೆಗೆ ಒಂದು ತಿಂಗಳಿತ್ತು. ಮದುಮಗಳಾಗುವವಳು ಊರೂರು ಸುತ್ತುವುದುಂಟೇ ಎಂಬ ಮಾತಾಯಿತು. ಕೊನೆಗೆ ದೊಡ್ಡವ್ವನೇ ಬಂದು ಜಗಲಿಯ ಮೇಲೆ ಕೂತಳು. ಅರ್ಧ ಗಂಟೆಯ ವಾದದ ನಂತರ ಅತ್ತೆ ಮಗಳ ಕೈಯನ್ನು ಹಿಡಿದು ತಂದು ಅವಳ ಕೈಯಲ್ಲಿಟ್ಟರು.

"ನಿನ್ ಕೈಗೆ ಒಪ್ಸಿದೀನಿ ಕಣೆ. ಎಂಗೆ ಕರ್ಕೊಂಡೋಯ್ತಿಯೋ ಅಂಗೇ ತಂದು ಒಪ್ಸು."

"ನಿನ್ ಮಗಳು ಬ್ಯಾರೆ, ನನ್ ಮಗಳು ಬ್ಯಾರೆನಾ? ಸುಮ್ಕಿರು."

ಆಮೇಲೆ ಅತ್ತೆ ನನ್ನ ಕಡೆ ತಿರುಗಿ, "ನೀನೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ" ಅಂದರು. ತಲೆಯಾಡಿಸಿದೆ. ಹೆದರಿಕೆ ಆಗಲೇ ಶುರುವಾಗಿತ್ತು. ಹೆದರುವವರಿಗೆ ಕಾರಣ ಬೇಕಿಲ್ಲ, ಮೊದಲು ಹೆದರಿಕೆ ಬರುತ್ತದೆ, ಕಾರಣ ಆಮೇಲೆ ಸಿಗುತ್ತದೆ. ನನ್ನ ಸ್ವಭಾವವೇ ಹಾಗೆ.

ಟೆಂಪೋ ಬೆಳಗಿನ ಜಾವ ಹೊರಟಿತು. ಪಿರಿಯಾಪಟ್ಟಣ ದಾಟುವ ತನಕ ಹಾಡು, ಮಡಿಕೇರಿ ದಾಟಿ ಘಟ್ಟ ಇಳಿಯುವಾಗ ವಾಂತಿ. ಮಧ್ಯಾಹ್ನದ ಹೊತ್ತಿಗೆ ತೆಂಗಿನ ಮರಗಳ ನಡುವೆ ಇಳಿದೆವು. ಮೊದಲು ಸದ್ದು ಕೇಳಿಸಿತು. ದೊಡ್ಡ ರಸ್ತೆಯ ಲಾರಿಗಳ ಸದ್ದಿರಬೇಕು ಎಂದುಕೊಂಡೆ. ಅದು ನಿಲ್ಲಲೇ ಇಲ್ಲ. ಮರಳಿನ ದಿಬ್ಬ ಹತ್ತಿ ಆಚೆ ನೋಡಿದವಳು ಅಲ್ಲೇ ನಿಂತೆ. ಎಲ್ಲರೂ ಕೂಗುತ್ತ ಓಡಿದರು. ನಮ್ಮ ಕಟ್ಟೆಯ ನೀರಿಗೆ ಆಚೆಯ ದಡವಿದೆ, ಇದಕ್ಕೆ ಇಲ್ಲವಲ್ಲ ಎಂಬುದನ್ನು ಬಿಟ್ಟು ನನಗೆ ಬೇರೇನೂ ಹೊಳೆಯಲಿಲ್ಲ. ದೊಡ್ಡವ್ವ ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡು, ಥೂ ಎಂದು ಉಗಿದಳು. "ಇಷ್ಟು ನೀರದೆ, ಬಾಯಾರ್ದೋರಿಗೆ ಒಂದ್ ಲೋಟ ಆಗಂಗಿಲ್ವಲ್ಲ!" ದಡದಲ್ಲಿದ್ದವರೆಲ್ಲ ನಕ್ಕರು.

ಆ ಪೇಟೆಯ ಜನ ಒಳ್ಳೆಯವರು. ದಡದ ತುಂಬ ಬಣ್ಣದ ಕಾಗದದ ತೋರಣ. ಒಂದು ಕಡೆ ಮರಳಿನಲ್ಲಿ ಆಮೆ, ಮೊಸಳೆ ಮಾಡುವ ಮಕ್ಕಳು, ಒಂದು ಕಡೆ ಗಾಳಿಪಟ, ಇನ್ನೊಂದು ಕಡೆ ತೆಂಗಿನಕಾಯಿಗೆ ತೆಂಗಿನಕಾಯಿ ಕುಟ್ಟಿ ಒಡೆಯುವ ಪಂದ್ಯ. ಬಿಸಿ ಗೋಳಿಬಜೆ ಕರಿಯುವ ಹೆಂಗಸರು ನಮ್ಮನ್ನು ನಿಲ್ಲಿಸಿ ನಿಲ್ಲಿಸಿ ತಿನ್ನಿಸಿದರು. ಮೈಕಿನವನು "ಹುಣಸೂರು ತಂಡ, ಹುಣಸೂರು ತಂಡ" ಎಂದು ಕೂಗಿದಾಗ ಮಾತ್ರ ನಾವು ಪೇಚಿಗೆ ಬಿದ್ದೆವು. ಮರಳಿನಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಮೊದಲ ಎಳೆತಕ್ಕೇ ಮುಗ್ಗರಿಸಿದೆವು. ದೊಡ್ಡವ್ವ ಹಿಮ್ಮಡಿಯಿಂದ ಗುಂಡಿ ತೋಡಿ ತೋರಿಸಿದಳು. ಎಲ್ಲರೂ ಹಿಮ್ಮಡಿ ಹೂತೆವು. ಅವತ್ತು ಎರಡು ತಂಡವನ್ನು ಸೋಲಿಸಿದೆವು. ಕೊನೆಯ ಪಂದ್ಯ ಮಾರನೆಯ ದಿನ ಎಂದರು.

ಮೈಕಿನವನು ಇನ್ನೊಂದು ಮಾತನ್ನೂ ಪದೇ ಪದೇ ಹೇಳುತ್ತಿದ್ದ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು, ಆಚೆ ಹೋಗಬಾರದು ಎಂದು. ನಾವೆಲ್ಲ ಕೇಳಿಸಿಕೊಂಡಿದ್ದೆವು.

ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಬಾವುಟಗಳ ನಡುವೆ ಗಂಡಸರೇ ತುಂಬಿದ್ದರು. ಒದ್ದೆ ಸೀರೆಯಲ್ಲಿ ಅವರ ಮುಂದೆ ನಿಲ್ಲುವುದು ಹೇಗೆ? ನಮ್ಮೂರ ಹೆಂಗಸರಿಗೆ ಅದು ನೀರಿಗಿಂತ ದೊಡ್ಡ ಭಯ. ಮರೆ ಹುಡುಕುತ್ತ ನಡೆದೆವು. ದೊಡ್ಡವ್ವ ಮುಂದೆ, ನಾವು ಹಿಂದೆ. ಮೀನು ಒಣಗಲು ಹರಡಿದ್ದ ಜಾಗ ದಾಟಿದೆವು. ಮೂಗು ಮುಚ್ಚಿಕೊಂಡು ನಕ್ಕೆವು. ಮೀನು ತಿರುವಿಹಾಕುತ್ತಿದ್ದ ಒಬ್ಬ ಹೆಂಗಸು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟು ನೀರನ್ನು ನೋಡಿದಳು. ಆ ಕಡೆ ಈ ಕಡೆ ಬೆಳ್ಳಗೆ ನೊರೆಯೆದ್ದು ಅಲೆ ಒಡೆಯುತ್ತಿತ್ತು. ನಡುವೆ ಮಾತ್ರ ಹತ್ತು ಹನ್ನೆರಡು ಮಾರು ಅಗಲಕ್ಕೆ ಅಲೆಯೇ ಇರಲಿಲ್ಲ. ನೀರು ಕಪ್ಪಗೆ, ಸುಮ್ಮನೆ ನಿಂತಂತಿತ್ತು.

"ಅಲೆ ಇರೋ ಕಡೆ ಬ್ಯಾಡ. ಅಗೋ, ಅಲ್ಲಿ ತಣ್ಣಗದೆ ನೋಡಿ. ನಮ್ ಕಟ್ಟೆ ನೀರಿದ್ದಂಗದೆ."

ಕೆರೆ ಕಟ್ಟೆಯ ನೀರಿನಲ್ಲಿ ಬೆಳೆದ ಯಾರಾದರೂ ಹಾಗೆಯೇ ಹೇಳುತ್ತಿದ್ದರು. ನಮ್ಮ ಕಡೆ ಸುಮ್ಮನಿರುವ ನೀರು ಒಳ್ಳೆಯ ನೀರು. ಸಮುದ್ರದಲ್ಲಿ ಅಲೆಯಿಲ್ಲದ ಆ ಓಣಿಯೇ ದಡಕ್ಕೆ ಬಂದ ನೀರು ವಾಪಸ್ ಒಳಗೆ ಹೋಗುವ ದಾರಿ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ನಾನು ಒಂದನ್ನು ಕಂಡೆ. ಒಂದು ತೆಂಗಿನ ಸಿಪ್ಪೆ ಆ ಕಪ್ಪು ನೀರಿನಲ್ಲಿ ತೇಲುತ್ತಿತ್ತು. ಅದು ದಡದ ಕಡೆ ಬರುವ ಬದಲು ಯಾರೋ ದಾರ ಕಟ್ಟಿ ಎಳೆದಂತೆ ಒಳಕ್ಕೆ, ಒಳಕ್ಕೆ ಹೋಗುತ್ತಿತ್ತು. ಹೇಳಬೇಕೆಂದುಕೊಂಡೆ. ಬಂದಾಗಿನಿಂದ ನನ್ನ ಪುಕ್ಕಲುತನವನ್ನು ಆಡಿಕೊಂಡು ನಗುತ್ತಿದ್ದರು. ಇನ್ನೊಮ್ಮೆ ನಗಿಸಿಕೊಳ್ಳುವುದು ಬೇಡವೆನಿಸಿ ಸುಮ್ಮನಾದೆ.

ನಾದಿನಿ ನನ್ನ ಕೈ ಹಿಡಿದು ಎಳೆದಳು. "ಬನ್ನಿ ಅತ್ಗೆ, ಮೊಣಕಾಲು ಮುಳುಗೋವರ್ಗೂ ಅಷ್ಟೆ!" ಮೊಣಕಾಲಿನಷ್ಟೇ ಇತ್ತು ನಿಜ. ಇನ್ನು ನಾಲ್ಕು ಹೆಜ್ಜೆಗೆ ಸೊಂಟ. ಆಮೇಲೆ ನಾವು ಹೆಜ್ಜೆ ಇಡಲಿಲ್ಲ, ಆದರೂ ಎದೆಯ ತನಕ ಬಂತು. ಕಾಲ ಕೆಳಗಿನ ಮರಳನ್ನು ನೀರು ಕಿತ್ತುಕೊಂಡು ಹೋಗುತ್ತಿತ್ತು. ನಾದಿನಿಯ ಕಾಲು ಮೊದಲು ತಪ್ಪಿತು. ಅವಳು ನಗುತ್ತಲೇ ಇದ್ದಳು. ಮುಖದ ಮೇಲೆ ಆ ನಗು ಇನ್ನೂ ಇರುವಾಗಲೇ ಕಣ್ಣು ಬದಲಾಯಿತು... ಆ ಕಣ್ಣು ನನಗೆ ಈಗಲೂ ಕಾಣುತ್ತದೆ.

ಕಿರುಚಿದೆ. ದೊಡ್ಡವ್ವ ನೀರು ಸೀಳಿಕೊಂಡು ಬಂದು ಹಿಂದಿನಿಂದ ನನ್ನ ಸೊಂಟ ಹಿಡಿದಳು. ಅವಳ ಹಿಂದೆ ಒಬ್ಬರ ಸೊಂಟ ಒಬ್ಬರು ಹಿಡಿದು ಉಳಿದವರು. ಯಾರೂ ಹೇಳಿಕೊಡಬೇಕಿರಲಿಲ್ಲ. ನಮಗೆ ಬರುತ್ತಿದ್ದದ್ದು ಅದೊಂದೇ. ಹಿಮ್ಮಡಿ ಹೂತು ಎಳೆದೆವು. ನನ್ನ ಬಲಗೈಯಲ್ಲಿ ನಾದಿನಿಯ ಕೈ. ನಾವು ಎಳೆದಷ್ಟೂ ನೀರು ಅವಳನ್ನು ಆ ಕಡೆ ಎಳೆಯಿತು. ಒಂದು ಗೇಣು ನಮ್ಮ ಕಡೆ ಬಂದರೆ ಒಂದು ಮೊಳ ಆ ಕಡೆ. ಅವಳ ಮುಖ ಮುಳುಗಿತು, ಎದ್ದಿತು. ಉಪ್ಪುನೀರು ನನ್ನ ಮೂಗಿಗೂ ಬಾಯಿಗೂ ನುಗ್ಗಿತು. ಕಾಲಿಗೆ ನೆಲ ಸಿಗಲಿಲ್ಲ. ಬಾವಿಯಿಂದ ಎತ್ತಿದ ಆ ಹೆಣ ಕಣ್ಣೆದುರಿಗೆ ಬಂತು. ಅದಕ್ಕೆ ನನ್ನ ಮುಖವಿತ್ತು.

ನಾನು ಕೈ ಬಿಟ್ಟೆ.

ಜಾರಿತು ಎಂದು ಬರೆಯಬಹುದಿತ್ತು. ಜಾರಲಿಲ್ಲ. ಅವಳ ಬೆರಳುಗಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದವು. ನಾನು ಕೈ ಕೊಡವಿ ಬಿಡಿಸಿಕೊಂಡೆ. ಬಿಡಿಸಿಕೊಂಡ ಮೇಲೆ, ಒಂದು ಉಸಿರಿನಷ್ಟು ಹೊತ್ತು ಕಳೆದ ಮೇಲೆ, ನನ್ನ ಕಿವಿಯ ಹಿಂದೆ ದೊಡ್ಡವ್ವನ ಗಂಟಲು ಒಡೆಯಿತು.

"ಬುಡು! ಬುಡು ಅವಳ್ನ!"

ಅವಳ ಬಾಯಿಂದ ಆ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕೂಡಲೇ ಇನ್ನೂ ಗಟ್ಟಿಯಾಗಿ, "ಅಂಗಾತ ಮಲ್ಕೋ ಕೂಸೇ! ಅಂಗಾತ! ಆಕಾಶ ನೋಡು!" ಎಂದು ಕೂಗಿದಳು. ಕೂಗುತ್ತಲೇ ನನ್ನನ್ನು ಎಳೆದು ದಡಕ್ಕೆ ಎಸೆದಳು.

ಮೀನು ಒಣಹಾಕುತ್ತಿದ್ದ ಹೆಂಗಸು ಓಡಿಬರುತ್ತಿದ್ದಳು. "ಎಳಿಬೇಡಿ ಮಾರಾಯ್ರೆ! ಬದಿಗೆ ಹೋಗ್ಲಿ ಅವಳು, ಬದಿಗೆ!" ಎಂದು ಕೈಬೀಸುತ್ತ, ದೋಣಿಗಳಿದ್ದ ಕಡೆ ತಿರುಗಿ ಯಾರನ್ನೋ ಕೂಗಿ ಕರೆದಳು. ಸಮುದ್ರದ ಸದ್ದಿನಲ್ಲಿ ಅವಳ ಮಾತು ನಮಗೆ ಕೇಳಿಸಿದ್ದು ಆಗ ಮಾತ್ರ.

ಆಮೇಲಿನದು ಹೆಚ್ಚೆಂದರೆ ಕಾಲು ಗಂಟೆ ಇರಬಹುದು. ನನ್ನ ಪಾಲಿಗೆ ಅದು ಇನ್ನೂ ಮುಗಿದಿಲ್ಲ. ನಾದಿನಿಯ ತಲೆ ಒಂದು ಕಾಯಿಯಷ್ಟಾಯಿತು, ನಿಂಬೆಹಣ್ಣಿನಷ್ಟಾಯಿತು. ಅಲೆ ಎದ್ದಾಗ ಇರುತ್ತಿರಲಿಲ್ಲ, ಇಳಿದಾಗ ಇರುತ್ತಿತ್ತು. ಒಂದು ಸಲ ಅಲೆ ಇಳಿದರೂ ಕಾಣಲಿಲ್ಲ. ನಮ್ಮ ತಂಡದ ಹೆಂಗಸೊಬ್ಬಳು ಎದೆ ಬಡಿದುಕೊಂಡು ಅಳತೊಡಗಿದಳು. ದೂರದಲ್ಲಿ ಮೈಕು, "ಹುಣಸೂರು ತಂಡ ಎಲ್ಲಿದ್ದರೂ ಬರಬೇಕು, ಹುಣಸೂರು ತಂಡ..." ಎಂದು ಕರೆಯುತ್ತಲೇ ಇತ್ತು. ದೊಡ್ಡವ್ವ ಮೊಣಕಾಲು ನೀರಿನಲ್ಲಿ ನಿಂತು, ಆ ಚುಕ್ಕೆಯ ಮೇಲಿಂದ ಕಣ್ಣು ತೆಗೆಯದೆ, "ಅಂಗಾತ... ಅಂಗಾತ..." ಎನ್ನುತ್ತಿದ್ದಳು. ನನ್ನ ತಲೆಯಲ್ಲಿ ಏನಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ಅವಳು ಬದುಕಲಿ ಎಂಬುದರ ಜೊತೆಗೇ, ಅತ್ತೆಗೆ ಏನೆಂದು ಹೇಳಲಿ ಎಂಬುದೂ ಇತ್ತು.

ದೋಣಿ ಹೋಯಿತು. ನಾವು ನೋಡುತ್ತಿದ್ದ ಕಡೆಯಲ್ಲ, ಎಷ್ಟೋ ಆಚೆ, ಅಲೆ ಒಡೆಯುವ ಸಾಲಿನ ಹೊರಗೆ ಅವಳನ್ನು ಎತ್ತಿಕೊಂಡರು. ನೀರು ಅವಳನ್ನು ಒಳಗೆ ಒಯ್ದು, ಬದಿಗೆ ಸರಿಸಿ, ಅಲ್ಲಿ ಸುಮ್ಮನೆ ಬಿಟ್ಟಿತ್ತಂತೆ. ಅವಳು ಅಂಗಾತ ಮಲಗಿ, ಕಣ್ಣು ಬಿಟ್ಟುಕೊಂಡು ತೇಲುತ್ತಿದ್ದಳಂತೆ. ದಡಕ್ಕೆ ತಂದು ಮಲಗಿಸಿದಾಗ ತುಟಿ ನೀಲಿಯಾಗಿತ್ತು. ವಾಂತಿ ಮಾಡಿಕೊಂಡಳು, ಅತ್ತಳು. ಬದುಕಿದ್ದಳು.

ಎಲ್ಲರಿಗೂ ಉಸಿರು ಬಂದ ಮೇಲೆ, ಅಳುತ್ತಿದ್ದ ಅದೇ ಹೆಂಗಸು ನನ್ನ ಕಡೆ ತಿರುಗಿದಳು. "ಅಲ್ಲ, ನೀನು ಕೈ ಬುಟ್ಟಿದ್ದು ಯಾಕೆ?" ಅಂದಳು. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅಷ್ಟರಲ್ಲಿ ದೊಡ್ಡವ್ವ ಅಂದಳು, "ಅವಳ್ನೇನು ಕೇಳೀಯೆ? ನಾನೇ ಬುಡು ಅಂದೆ."

ಮೀನಿನ ಹೆಂಗಸೂ ಬಿಟ್ಟದ್ದೇ ಸರಿಯಾಯಿತು, ಎಳೆಯುತ್ತಿದ್ದರೆ ಇಬ್ಬರೂ ಹೋಗುತ್ತಿದ್ದಿರಿ ಎಂದಳು. ಇರಬಹುದು. ಆದರೆ ಅದು ಸರಿಯೆಂದು ನಾನು ಬಿಟ್ಟವಳಲ್ಲ. ಹೆದರಿ ಬಿಟ್ಟವಳು. ಸರಿಯಾದದ್ದು ಆಮೇಲೆ ಗೊತ್ತಾಯಿತು.

ಪಂದ್ಯ ಆಡದೆ ಹೊರಟೆವು. ಊರು ತಲುಪುವ ಮೊದಲೇ ಫೋನು ಸುದ್ದಿ ಮುಟ್ಟಿಸಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಗಳನ್ನು ಮುಟ್ಟಿ ಮುಟ್ಟಿ ನೋಡಿ, ಒಳಗೆ ಕಳಿಸಿ, ದೊಡ್ಡವ್ವನ ಕಡೆ ತಿರುಗಿದರು. ಅವಳು ಹೇಳಿದಳು. ಜಾಗ ತೋರಿಸಿದ್ದು ನಾನು, ಬುಡು ಅಂದದ್ದೂ ನಾನು, ನಿನ್ನ ಸೊಸೆಯದೇನೂ ತಪ್ಪಿಲ್ಲ ಎಂದು. ಅತ್ತೆ ಕಿರುಚಾಡುತ್ತಾರೆ ಎಂದುಕೊಂಡಿದ್ದೆ. ಕಿರುಚಲಿಲ್ಲ. "ನಂಬಿ ಕೊಟ್ಟಿದ್ದೆ. ಕೈ ಬುಡಿಸ್ಬುಟ್ಟೆ. ಇನ್ನು ಈ ಮೆಟ್ಲು ಅತ್ಬ್ಯಾಡ" ಅಂದರು. ನಾನು ಅತ್ತೆಯ ಬೆನ್ನ ಹಿಂದೆ ನಿಂತಿದ್ದೆ. ದೊಡ್ಡವ್ವ ಅವರ ಹೆಗಲ ಮೇಲಿಂದ ನನ್ನನ್ನು ಒಮ್ಮೆ ನೋಡಿ, ಮೆಟ್ಟಿಲಿಳಿದು ಹೋದಳು.

ನಾನು ಆಗ ಒಂದು ಮಾತು ಹೇಳಬೇಕಿತ್ತು...

ಒಂದು ತಿಂಗಳಿಗೆ ನಾದಿನಿಯ ಮದುವೆಯಾಯಿತು. ಊರಿಗೆಲ್ಲ ಊಟವಿತ್ತು, ಪಕ್ಕದ ಮನೆಗಿರಲಿಲ್ಲ. ದೊಡ್ಡವ್ವ ಅವತ್ತು ಬೆಳಿಗ್ಗೆಯೇ ಹೊಲಕ್ಕೆ ಹೋದವಳು ಕತ್ತಲಾಗುವ ತನಕ ಬರಲಿಲ್ಲ. ಅವಳು ಮತ್ತೆ ಹಗ್ಗ ಮುಟ್ಟಲಿಲ್ಲ, ತಂಡ ಒಡೆಯಿತು. ಮುಂದಿನ ಬೇಸಿಗೆಯಲ್ಲಿ ಮಕ್ಕಳು ಕ್ಯಾನು ಹಿಡಿದುಕೊಂಡು ಅವಳ ಬಾಗಿಲಿಗೆ ಬಂದರೆ, "ನಂಗೆ ನೀರು ಗೊತ್ತಿಲ್ಲ ಕಣ್ರಪ್ಪ, ಓಗಿ" ಎಂದು ಕಳಿಸಿದಳು. ಕಟ್ಟೆಯ ನೀರಿನಲ್ಲಿ ಮೀನಿನಂತಿದ್ದವಳು.

ಒಂದೇ ಸಲ ಆ ಮಾತೆತ್ತಿದೆ. ಮದುವೆ ಮುಗಿದ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇಬ್ಬರೇ ಇದ್ದಾಗ.

"ದೊಡ್ಡವ್ವ, ನೀನು ಕೂಗೋ ಮುಂಚೇನೇ ನಾನು..."

"ಗೊತ್ತು ಬಾಯ್ಮುಚ್ಚು. ನಿನ್ ಸೊಂಟ ನನ್ ಕೈಲಿತ್ತು. ನಂಗೊತ್ತಾಗ್ದೆ ಇದ್ದದಾ?" ಬಟ್ಟೆ ಹಿಂಡುವುದನ್ನು ನಿಲ್ಲಿಸದೆ ಹೇಳಿದಳು. "ನಾನು ಪಕ್ಕದ ಮನೇವ್ಳು. ನನ್ನ ಬ್ಯಾಡ ಅಂದ್ರೆ ನನ್ ಮನೆ ನಂಗದೆ. ನೀನು ಅದೇ ಮನೇಲಿ ಬಾಳ್ಬೇಕು. ತಪ್ಪು ಜಾಗ ತೋರ್ಸಿದ್ದಂತೂ ನಾನೇ. ಅದ್ರ ಜೊತೆ ಇದೂ ಇರ್ಲಿ."

ಅಂದರೆ ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ, ನೀರಿನೊಳಗೆ, ಅವಳು ಅಷ್ಟನ್ನೂ ಯೋಚಿಸಿದ್ದಳೋ? ಇಲ್ಲ, ನಾನು ಕೈ ಬಿಟ್ಟದ್ದನ್ನು ಕಂಡು ಬಾಯಿಗೆ ಬಂದದ್ದು ಅದೋ? ಕೇಳುವ ಧೈರ್ಯ ಬರಲಿಲ್ಲ. ನನಗೆ ಹಗುರವಾಯಿತು, ಅದು ನಿಜ. ಬಿಂದಿಗೆ ಎತ್ತಿಕೊಂಡು ಮನೆಗೆ ಬಂದು ಒಲೆ ಹಚ್ಚಿದೆ. ಆಮೇಲೆ ಹಗುರ ಹೋಯಿತು, ಭಯ ಉಳಿಯಿತು. ನಾದಿನಿ ತವರಿಗೆ ಬಂದಾಗಲೆಲ್ಲ ಇವತ್ತು ಹೇಳಿಬಿಡುತ್ತಾಳೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಅದರ ಮಾತೇ ಎತ್ತಲಿಲ್ಲ. ದೊಡ್ಡವ್ವ ಹೇಳಿದ್ದರಿಂದಲೇ ನಾನು ಬಿಟ್ಟೆ ಎಂದು ಅವಳೂ ನಂಬಿದ್ದಳೆಂದು ಕಾಣುತ್ತದೆ. ನನಗೆ ಮಗ ಹುಟ್ಟಿದ. ಮನೆಯಲ್ಲಿ ನನ್ನ ಜಾಗ ಗಟ್ಟಿಯಾಯಿತು. ಈಗ ಹೇಳಬಹುದು ಎಂದುಕೊಂಡೆ. ಗಟ್ಟಿಯಾದದ್ದನ್ನು ಕಳೆದುಕೊಳ್ಳುವ ಭಯ ಇನ್ನೂ ದೊಡ್ಡದು ಎಂಬುದು ಆಗ ಗೊತ್ತಾಯಿತು. ಮುಂದಿನ ಹಬ್ಬಕ್ಕೆ, ಮುಂದಿನ ವರ್ಷಕ್ಕೆ ಎಂದು ತಳ್ಳುತ್ತ ಬಂದೆ.

ಹೋದ ಕಾರ್ತಿಕದಲ್ಲಿ ದೊಡ್ಡವ್ವ ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೆ. ನಾನು ಹೋಗಿ ಕಾಲ ಬಳಿ ನಿಂತೆ. ಅಷ್ಟು ದೊಡ್ಡ ಆಳು ಹೇಗೆ ಅಷ್ಟು ಚಿಕ್ಕದಾಗಿ ಕಾಣುತ್ತಿದ್ದಳೋ. ಅತ್ತೆ ಬರಲಿಲ್ಲ. ಮನೆಯ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು.

ಕಳೆದ ವಾರ ಸಂತೆಯಿಂದ ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈಚೀಲ ನೋಡಿ, "ಸೀಗಡಿ ಎಲ್ಲವ್ವಾ?" ಅಂದರು. ತರಲಿಲ್ಲ ಅಂದೆ. ಯಾಕೆ ಅಂದರು. ಅವರ ಎದುರಿಗೆ ಕೂತೆ. ಎದ್ದು ಹೋಗಲು ಒಂದು ನೆಪ ಸಿಕ್ಕಿದ್ದರೂ ಎದ್ದು ಹೋಗುತ್ತಿದ್ದೆ.

"ಅತ್ತೆ, ಅವತ್ತು ಸಮುದ್ರದಲ್ಲಿ... ದೊಡ್ಡವ್ವ ಬುಡು ಅನ್ನೋಕೆ ಮುಂಚೇನೇ ನಾನು ಕೈ ಬುಟ್ಟಿದ್ದೆ. ಎದ್ರಿಕೊಂಡು ಬುಟ್ಟಿದ್ದೆ. ಅವಳು ಆಮೇಲೆ ಕೂಗಿದ್ದು."

ಅವರ ಕೈ ನಿಂತಿತು. ಹನ್ನೊಂದು ವರ್ಷದಿಂದ ನಾನು ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದ ಬೈಗುಳಕ್ಕೆ, ಗಂಟುಮೂಟೆ ಕಟ್ಟು ಎಂಬ ಮಾತಿಗೆ ತಲೆ ತಗ್ಗಿಸಿಕೊಂಡು ಕಾದೆ. ಅದು ಬರಲಿಲ್ಲ.

"ಅವ್ಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬಿಡಿಸಿದ ಹಣ್ಣನ್ನೂ ಬೀಜವನ್ನೂ ಬೇರೆ ಬೇರೆ ಮಾಡಿಟ್ಟಿದ್ದರು, ಎರಡೂ ಅವರ ಕೈಯಡಿಯಲ್ಲಿ ಬೆರೆತುಹೋದವು.

"ಅವ್ಳು ಸತ್ತ ದಿನ, ಎತ್ಕೊಂಡು ಓಗೋಗಂಟ ಬಾಗ್ಲ ಇಂದೆ ನಿಂತಿದ್ದೆ ಕಣವ್ವ. ಅಗುಳಿ ಮ್ಯಾಲೆ ಕೈ ಇಟ್ಕೊಂಡು. ಒಂದ್ ಸತಿ ಮೊಕ ನೋಡನಾ ಅಂತ. ನನ್ ಮಗಳ್ನ ಬುಡಿಸ್ದೋಳಲ್ವಾ ಅಂದ್ಕೊಂಡು ಅಗುಳಿ ತೆಗೀಲೇ ಇಲ್ಲ." ಕಣ್ಣು ಒರೆಸಿಕೊಳ್ಳಲಿಲ್ಲ. ನನ್ನನ್ನೇ ನೋಡಿದರು. "ಅವ್ಳು ಬದುಕಿದ್ದಾಗ ಒಂದ್ ಮಾತು ಯೋಳಿದ್ರೆ, ನಾನೇನು ನಿನ್ನ ಕೊಂದಾಕ್ಬುಡ್ತಿದ್ನಾ?"

ಆ ಮುಖವನ್ನು ನೋಡಿದೆ. ಇಲ್ಲ, ಏನೂ ಮಾಡುತ್ತಿರಲಿಲ್ಲ. ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದರು.